ಕೋವಿಯ ತೋಟೆ ಮನೆಯಲ್ಲೇ ತುಂಬಿಕೊಂಡರೆ ನಿಜವಾಗಿ ದುಡ್ಡು ಉಳಿಯುತ್ತದಾ?

ಬ್ರಹ್ಮಾವರದ ಗದ್ದೆ

ಎಲ್ಲರಿಗೂ ನಮಸ್ಕಾರ. ಒಂದು ಲೆಕ್ಕ ಕೇಳುವುದಿತ್ತು, ಗೊತ್ತಿದ್ದವರು ದಯವಿಟ್ಟು ಹೇಳಿ.

ನನ್ನ ಮಗ ಅಮೆರಿಕದ ಸೌತ್ ಡಕೋಟದಲ್ಲಿ ಕೆಲಸದಲ್ಲಿದ್ದಾನೆ. ಅಕ್ಟೋಬರ್ ಬಂತೆಂದರೆ ಆಫೀಸಿನವರ ಜೊತೆ ಫೆಸೆಂಟ್ ಎನ್ನುವ ಕಾಡುಕೋಳಿ ಜಾತಿಯ ಹಕ್ಕಿಯ ಬೇಟೆಗೆ ಹೋಗುತ್ತಾನೆ. ಅಲ್ಲಿ ಅದಕ್ಕೆ ಲೈಸೆನ್ಸ್ ಕೊಡುತ್ತಾರೆ, ಎಲ್ಲ ಕಾನೂನು ಪ್ರಕಾರವೇ. ಕೋವಿ ನಮ್ಮ ಹಾಗೆ ಹನ್ನೆರಡು ಬೋರಿನದ್ದು. ಈಗ ಅವನ ತಲೆಗೆ ಯಾರೋ ಹಾಕಿದ್ದಾರೆ, ಅಂಗಡಿ ತೋಟೆ ತೆಗೆದುಕೊಳ್ಳುವುದು ದಂಡ, ಹೊಡೆದ ಖಾಲಿ ತೋಟೆ ಹೆಕ್ಕಿ ತಂದು ಮನೆಯಲ್ಲೇ ಕಿಡಿ ಹೊತ್ತಿಸುವ ಕೇಪು, ಮದ್ದು, ಸಣ್ಣ ಗುಂಡಿನ ಚರೆ ತುಂಬಿದರೆ ಅರ್ಧಕ್ಕರ್ಧ ಉಳಿಯುತ್ತದೆ ಅಂತ. ತುಂಬುವ ಕೈಯಂತ್ರ, ಪ್ರೆಸ್ಸು ಅನ್ನುತ್ತಾರೆ, ಒಂದು 250 ಡಾಲರಿಗೆ ಬರುತ್ತದಂತೆ. ಮೊನ್ನೆ ಫೋನಿನಲ್ಲಿ "ಅಪ್ಪ, ನೀವು ಕೋವಿ ಇಟ್ಟುಕೊಂಡವರಲ್ವಾ, ತಗೊಳ್ಳಲಾ ಬೇಡವಾ ಹೇಳಿ" ಅಂದ. ನಮ್ಮದು ಬೆಳೆ ರಕ್ಷಣೆಯ ಲೈಸೆನ್ಸ್, ವರ್ಷಕ್ಕೆ ನಾಲ್ಕೈದು ತೋಟೆ ಖರ್ಚಾದರೆ ಜಾಸ್ತಿ. ಅಲ್ಲಿಯ ಲೆಕ್ಕ ನನಗೆ ಹೇಗೆ ಗೊತ್ತಾಗಬೇಕು?

ಇನ್ನೊಂದು. ನಾನೂ ನನ್ನ ಹೆಂಡತಿಯೂ ಬರುವ ವರ್ಷ ಅಲ್ಲಿಗೆ ಹೋಗುವವರು. ಬರುವಾಗ ಅಂಥದ್ದೊಂದು ಸಣ್ಣ ಪ್ರೆಸ್ಸು ಇಲ್ಲಿಗೂ ತಂದರೆ ಏನಾದರೂ ತೊಂದರೆ ಉಂಟಾ? ಇಲ್ಲಿ ತೋಟೆ ಸಿಗುವುದೇ ಕಷ್ಟ ಆಗಿದೆ, ಅದಕ್ಕೆ ಕೇಳಿದ್ದು.

ಕಾರ್ಕಳ ಟು ಡಕೋಟ

ನಾನು ಇರುವುದೂ ಸೌತ್ ಡಕೋಟದಲ್ಲೇ, ಊರು ಕಾರ್ಕಳ. ತೋಟೆ ತುಂಬುತ್ತೇನೆ, ಬೇಟೆಗೂ ಹೋಗುತ್ತೇನೆ. ನಿಮ್ಮ ಮಗನಿಗೆ ಸೀದಾ ಉತ್ತರ: ಬರೀ ಫೆಸೆಂಟ್ ಬೇಟೆಗೆ ಅಂತಾದರೆ ಪ್ರೆಸ್ಸು ತೆಗೆದುಕೊಳ್ಳುವುದು ಬೇಡ. ಅರ್ಧಕ್ಕರ್ಧ ಉಳಿಯುತ್ತದೆ ಎನ್ನುವುದು ಹಳೆಯ ಕಾಲದ ಮಾತು. ಆಗ ಸೀಸ ಅಗ್ಗ ಇತ್ತು, ಕೇಪು ಅಗ್ಗ ಇತ್ತು. 2020ರ ನಂತರ ಕೇಪಿನ ಬೆಲೆ, ಮದ್ದಿನ ಬೆಲೆ ಎರಡೂ ಏರಿ ಕೂತಿವೆ, ಇಳಿಯುವ ಲಕ್ಷಣ ಕಾಣುವುದಿಲ್ಲ.

ಬಾಯಿಮಾತು ಬೇಡ, ಲೆಕ್ಕ ಹಾಕಿಯೇ ನೋಡಿ. ಇದು ನಮ್ಮ ಕಡೆ ನಾನು ಕೊಡುವ ಬೆಲೆ, ಬೇರೆ ಊರಲ್ಲಿ ಸ್ವಲ್ಪ ಹೆಚ್ಚು ಕಡಿಮೆ ಇರುತ್ತದೆ. ಸೀಸದ ಚರೆ 25 ಪೌಂಡಿನ ಚೀಲದಲ್ಲಿ ಬರುತ್ತದೆ, ಚೀಲಕ್ಕೆ 60 ಡಾಲರ್. 25 ಪೌಂಡ್ ಅಂದರೆ 400 ಔನ್ಸ್. ಗುರಿ ಅಭ್ಯಾಸದ ಹಗುರ ತೋಟೆಗೆ ಒಂದು ಔನ್ಸ್ ಚರೆ ಸಾಕು, ಹಾಗಾಗಿ ಚೀಲಕ್ಕೆ 400 ತೋಟೆ, ಒಂದಕ್ಕೆ 15 ಸೆಂಟ್. ಮದ್ದು ಪೌಂಡಿಗೆ 40 ಡಾಲರ್, ಒಂದು ಪೌಂಡಿನಲ್ಲಿ ಇಂಥ ಹಗುರ ತೋಟೆ 350ರ ಹತ್ತಿರ ಆಗುತ್ತದೆ, ಒಂದಕ್ಕೆ ಹನ್ನೊಂದೂವರೆ ಸೆಂಟ್ ಹಿಡಿಯಿರಿ. ಕೇಪು 9 ಸೆಂಟ್. ಮದ್ದಿಗೂ ಚರೆಗೂ ನಡುವೆ ಇಡುವ ಪ್ಲಾಸ್ಟಿಕ್ ವ್ಯಾಡ್ 3 ಸೆಂಟ್. ಎಲ್ಲ ಕೂಡಿಸಿದರೆ ಮೂವತ್ತೆಂಟೂವರೆ ಸೆಂಟ್, 25ರ ಪೆಟ್ಟಿಗೆಗೆ 9 ಡಾಲರ್ 60 ಸೆಂಟಿನ ಸುಮಾರು. ಅದೇ ಹಗುರ ತೋಟೆಯ ಪೆಟ್ಟಿಗೆ ದೊಡ್ಡ ಅಂಗಡಿಯಲ್ಲಿ 9ರಿಂದ 10 ಡಾಲರಿಗೆ ಸಿಗುತ್ತದೆ. ಉಳಿದದ್ದು ಎಷ್ಟು? ಏನೂ ಇಲ್ಲ. ನಮ್ಮ ಸಮಯಕ್ಕಂತೂ ಬೆಲೆ ಕಟ್ಟಿಯೇ ಇಲ್ಲ.

ಫೆಸೆಂಟ್ ತೋಟೆ ಸ್ವಲ್ಪ ಬೇರೆ. ಅದು ಗಟ್ಟಿ ಹಕ್ಕಿ, ದಪ್ಪ ಗರಿ, ಅದಕ್ಕೆ ಒಂದೂಕಾಲು ಔನ್ಸ್ ಚರೆ, ಮದ್ದೂ ಜಾಸ್ತಿ. ಚೀಲಕ್ಕೆ 320 ತೋಟೆ ಮಾತ್ರ. ನನ್ನ ಲೆಕ್ಕದಲ್ಲಿ ಒಂದು ಪೆಟ್ಟಿಗೆ ತುಂಬಲು 13 ಡಾಲರ್ ಬೀಳುತ್ತದೆ, ಅಂಗಡಿಯಲ್ಲಿ 18ರಿಂದ 20. ಇಲ್ಲಿ ಉಳಿತಾಯ ಉಂಟು, ಪೆಟ್ಟಿಗೆಗೆ ಐದಾರು ಡಾಲರ್. ಆದರೆ ಸೌತ್ ಡಕೋಟದಲ್ಲಿ ಒಬ್ಬನಿಗೆ ದಿನಕ್ಕೆ ಮೂರೇ ಹುಂಜ, ಹೇಂಟೆ ಮುಟ್ಟುವ ಹಾಗಿಲ್ಲ. ಒಂದು ಸೀಸನ್ನಿಗೆ ನಾಲ್ಕು ಪೆಟ್ಟಿಗೆ ಖರ್ಚಾಯಿತು ಅಂದರೆ ಅವನು ಚೆನ್ನಾಗಿಯೇ ಸುತ್ತಿದ್ದಾನೆ ಅಂತ ಅರ್ಥ. ನಾಲ್ಕು ಪೆಟ್ಟಿಗೆಗೆ ಉಳಿಯುವುದು 20–25 ಡಾಲರ್. 250 ಡಾಲರಿನ ಪ್ರೆಸ್ಸಿನ ದುಡ್ಡು ಹುಟ್ಟಲು ಹತ್ತು ವರ್ಷ ಬೇಕು! ತಕ್ಕಡಿ, ಡಬ್ಬ, ಪುಸ್ತಕದ ಖರ್ಚು ಬೇರೆ.

ಇನ್ನೂ ಒಂದು ಉಂಟು. ಬಾತುಕೋಳಿ, ಹೆಬ್ಬಾತುಗಳ ಬೇಟೆಗೆ ಅಮೆರಿಕ ಇಡೀ 1991ರಿಂದ ಸೀಸದ ಚರೆ ನಿಷೇಧ. ಕೆರೆ ತಳದಲ್ಲಿ ಬಿದ್ದ ಸೀಸದ ಕಾಳನ್ನು ಹಕ್ಕಿಗಳು ಕಲ್ಲೆಂದು ನುಂಗಿ ವಿಷವೇರಿ ಸಾಯುತ್ತಿದ್ದವು. ಕೇಂದ್ರ ಸರ್ಕಾರದ ವಾಟರ್‌ಫೌಲ್ ಪ್ರೊಡಕ್ಷನ್ ಏರಿಯಾ (ನೀರುಹಕ್ಕಿಗಳು ಮರಿ ಮಾಡುವ ಜಾಗ) ಅಂತ ಬೋರ್ಡು ಇರುವಲ್ಲಿ ಫೆಸೆಂಟ್ ಹೊಡೆಯುವುದಕ್ಕೂ ಸೀಸ ಇಟ್ಟುಕೊಳ್ಳುವ ಹಾಗಿಲ್ಲ. ನಿಮ್ಮ ಮಗ ಎಲ್ಲಿ ಹೋಗುತ್ತಾನೆ ಕೇಳಿ. ಸ್ವಂತ ಜಮೀನಿನವರ ಹೊಲದಲ್ಲಾದರೆ ಸೀಸ ನಡೆಯುತ್ತದೆ, ಇಂಥ ಸರ್ಕಾರಿ ಜಾಗವಾದರೆ ಉಕ್ಕಿನಂಥ ವಿಷವಿಲ್ಲದ ಚರೆಯೇ ಬೇಕು. ಉಕ್ಕಿನದ್ದಕ್ಕೆ ವ್ಯಾಡ್ ಬೇರೆ, ದಪ್ಪದ್ದು, ದುಬಾರಿ. ಮದ್ದು ಬೇರೆ, ಯಾವುದು ಎಷ್ಟು ಹಾಕಬೇಕು ಅಂತ ಹೇಳುವ ಅಳತೆಪಟ್ಟಿಯೂ ಬೇರೆ. ಸೀಸದ ಪಟ್ಟಿ ನೋಡಿಕೊಂಡು ಸೀಸದ ಬದಲು ಉಕ್ಕು ಸುರಿದರೆ ನಳಿಗೆ ಹಾಳು, ಒತ್ತಡ ಮೀರಿದರೆ ಕೈಯೂ ಹೋದೀತು. ಅಷ್ಟೆಲ್ಲ ಮಾಡಿಯೂ ಉಕ್ಕಿನ ತೋಟೆಯಲ್ಲಿ ಪೆಟ್ಟಿಗೆಗೆ ಒಂದೆರಡು ಡಾಲರ್ ಉಳಿದರೆ ಪುಣ್ಯ.

ಕೋರ್ಟು ರಸ್ತೆ

ಮೇಲಿನವರು ಅಲ್ಲಿಯ ಲೆಕ್ಕ ಹೇಳಿದ್ದಾರೆ. ನಾನು ಎರಡನೇ ಪ್ರಶ್ನೆಗೆ ಮಾತ್ರ. ತರಬೇಡಿ. ದಯವಿಟ್ಟು ತರಬೇಡಿ ಮಾರಾಯ್ರೇ.

1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಮದ್ದುಗುಂಡು ಅಂದರೆ ಏನು ಅಂತ ವಿವರಿಸಿದ್ದಾರೆ. ತುಂಬಿದ ತೋಟೆ ಒಂದೇ ಅಲ್ಲ, ತೋಟೆಯ ಬಿಡಿಭಾಗವೂ ಅದರಲ್ಲಿ ಬರುತ್ತದೆ, ತೋಟೆ ತಯಾರಿಸುವ ಯಂತ್ರವೂ ಬರುತ್ತದೆ. ಅಂದರೆ ನೀವು ಸೂಟ್‌ಕೇಸಿನಲ್ಲಿ ಹಾಕಿಕೊಂಡು ಬರುವ ಆ ಸಣ್ಣ ಪ್ರೆಸ್ಸು, ಒಂದು ಕಾಳು ಮದ್ದು ಜೊತೆಗಿಲ್ಲದಿದ್ದರೂ, ಕಾನೂನಿನ ಕಣ್ಣಿನಲ್ಲಿ ಮದ್ದುಗುಂಡೇ. ತಯಾರಿಕೆಗೆ ಐದನೇ ಕಲಂ ಪ್ರಕಾರ ಬೇರೆಯೇ ಲೈಸೆನ್ಸ್ ಬೇಕು. ನಿಮ್ಮ ಕೈಯಲ್ಲಿರುವ ಬೆಳೆ ರಕ್ಷಣೆಯ ಲೈಸೆನ್ಸ್ ಕೋವಿ ಇಟ್ಟುಕೊಳ್ಳಲು, ಅದರಲ್ಲಿ ಬರೆದಷ್ಟು ತೋಟೆ ಖರೀದಿಸಲು. ತಯಾರಿಸಲು ಅಲ್ಲ. 2019ರಲ್ಲಿ ತಿದ್ದುಪಡಿ ಆದ ಮೇಲೆ ಲೈಸೆನ್ಸಿಲ್ಲದ ತಯಾರಿಕೆಗೆ ಕನಿಷ್ಠ ಏಳು ವರ್ಷ ಸಜೆ, ಹೆಚ್ಚೆಂದರೆ ಜೀವಾವಧಿ. ತೋಟದ ಮಂಗ ಓಡಿಸಲು ಹೋಗಿ ಏಳು ವರ್ಷ ಯಾರಿಗೆ ಬೇಕು ಹೇಳಿ.

ವಿಮಾನದ ಬಗ್ಗೆಯೂ ಹೇಳಿಬಿಡುತ್ತೇನೆ. ಮದ್ದು, ಕೇಪು ಎರಡನ್ನೂ ಯಾವ ಬ್ಯಾಗಿನಲ್ಲಿಯೂ ಹಾಕುವ ಹಾಗಿಲ್ಲ, ಕೈಚೀಲಕ್ಕೂ ಇಲ್ಲ, ಚೆಕ್-ಇನ್‌ಗೂ ಇಲ್ಲ. ಬೇಟೆಗೆ ಹೋದಾಗ ಹಾಕಿಕೊಂಡ ಜಾಕೆಟ್ ಇದ್ದರೆ, ಬೇಟೆಯ ಚೀಲ ಇದ್ದರೆ, ಹೊರಡುವ ಮುಂಚೆ ಪ್ರತಿ ಕಿಸೆ ತಿರುವಿ ನೋಡಿ. ಮೂಲೆಯಲ್ಲಿ ಮರೆತು ಉಳಿದ ಒಂದು ತೋಟೆಯಿಂದ ವಿಮಾನ ನಿಲ್ದಾಣದಲ್ಲಿ ಎಫ್‌ಐಆರ್ ಆದವರು ನಮ್ಮ ದೇಶದಲ್ಲಿ ತುಂಬಾ ಜನ. ಗೊತ್ತಿಲ್ಲದೆ ಉಳಿದದ್ದು ಅಂತ ಸಾಬೀತಾದರೆ ಹೈಕೋರ್ಟುಗಳು ಎಷ್ಟೋ ಕೇಸು ರದ್ದು ಮಾಡಿವೆ, ಸರಿ. ಆದರೆ ಅಲ್ಲಿಯವರೆಗೆ ಅಲೆದಾಟ ಯಾರದು?

ಹೆಬ್ರಿ ಅಡಿಕೆ

ಗದ್ದೆಯವರೇ, ನಿಮ್ಮ ಕಷ್ಟ ನಮಗೆ ಅರ್ಥ ಆಗುತ್ತದೆ. ಹಂದಿ ಒಂದು ರಾತ್ರಿ ಗದ್ದೆಗೆ ಇಳಿದರೆ ಬೆಳಿಗ್ಗೆ ನೋಡಲು ಆಗುವುದಿಲ್ಲ. ಬೊಂಡ ಒಂದೂ ಬಲಿಯಲು ಬಿಡುವುದಿಲ್ಲ ಮಂಗಗಳು, ಕುಡಿದು ಎಸೆದ ಚಿಪ್ಪೇ ಬುಡದಲ್ಲಿ ರಾಶಿ. ಆದರೂ ತೋಟೆಯ ಉಳಿತಾಯದ ಯೋಚನೆ ನಮಗೆ ಬೇಕಾದ್ದೇ ಅಲ್ಲ ಅಂತ ನನ್ನ ಅಭಿಪ್ರಾಯ.

ಮೊದಲನೆಯದಾಗಿ, ಅಮೆರಿಕದಲ್ಲಿ ಬೇಟೆ ಸರ್ಕಾರ ಒಪ್ಪಿದ ಹವ್ಯಾಸ. ಇಲ್ಲಿ 1972ರ ವನ್ಯಜೀವಿ ಕಾಯ್ದೆಗೆ 1991ರಲ್ಲಿ ತಿದ್ದುಪಡಿ ಆದ ಮೇಲೆ ಹವ್ಯಾಸದ ಬೇಟೆ ಎನ್ನುವುದೇ ಇಲ್ಲ. ಬೆಳೆ ಹಾಳು ಮಾಡುವ ಹಂದಿಯನ್ನೂ ಅರಣ್ಯ ಇಲಾಖೆಯ ಲಿಖಿತ ಅನುಮತಿ ಇಲ್ಲದೆ ಹೊಡೆಯುವ ಹಾಗಿಲ್ಲ. ನವಿಲಂತೂ ಆ ಕಾಯ್ದೆಯಲ್ಲಿ ಅತಿ ಹೆಚ್ಚು ರಕ್ಷಣೆ ಇರುವ ಮೊದಲ ಶೆಡ್ಯೂಲಿನ ಹಕ್ಕಿ, ಅದರ ಕಡೆ ನಳಿಗೆ ತಿರುಗಿಸುವುದೂ ಬೇಡ. ನಮ್ಮ ಹೆಬ್ರಿ ಕಡೆ ಇನ್ನೂ ಬಿಗಿ. ಸೋಮೇಶ್ವರ ಅಭಯಾರಣ್ಯ ಪಕ್ಕದಲ್ಲೇ ಇರುವುದರಿಂದ, ಅದರ ಹತ್ತು ಕಿಲೋಮೀಟರ್ ಒಳಗೆ ಇರುವವರಿಗೆ ಹೊಸ ಲೈಸೆನ್ಸ್ ಬೇಕಾದರೆ ಮುಖ್ಯ ವನ್ಯಜೀವಿ ಪರಿಪಾಲಕರ ಒಪ್ಪಿಗೆ ಬೇಕು. ಹಾಗಾಗಿ ನಮ್ಮಲ್ಲಿ ಕೋವಿ ಸದ್ದು ಮಾಡಿ ಹೆದರಿಸಲು. ವರ್ಷಕ್ಕೆ ನಾಲ್ಕೈದು ತೋಟೆ ಅಂದಿರಲ್ಲ, ಅದರಲ್ಲಿ ಎಷ್ಟು ತಾನೇ ಉಳಿಸುವುದು?

ಎರಡನೆಯದು, ನಮ್ಮ ಮಳೆ. ಇದನ್ನು ನಾನು ಹೇಳಲೇಬೇಕು. ನಮ್ಮ ತಂದೆಯವರ ಕಾಲದ ಕಾಗದದ ಕೊಳವೆಯ ತೋಟೆಗಳು ಮನೆಯಲ್ಲಿ ಕೆಲವು ಉಳಿದಿದ್ದವು. ಆಟಿ ತಿಂಗಳಲ್ಲಿ ಒಂದನ್ನು ತೆಗೆದು ನೋಡಿದೆ. ಹಿತ್ತಾಳೆಯ ತಳ ಹಸಿರು ಕಟ್ಟಿದೆ, ಕಾಗದ ನೀರು ಕುಡಿದು ಉಬ್ಬಿದೆ, ಬೆರಳಲ್ಲಿ ಒತ್ತಿದರೆ ಮೆತ್ತಗೆ ಒಳಗೆ ಹೋಗುತ್ತದೆ. ನಳಿಗೆಗೆ ಇಟ್ಟರೆ ಅರ್ಧ ಹೋಗಿ ಸಿಕ್ಕಿಕೊಳ್ಳುತ್ತದೆ. ಅಂಥದ್ದನ್ನು ಒತ್ತಿ ತುರುಕಿ ಹೊಡೆದರೆ ಚರೆ ಅರ್ಧ ದಾರಿಯಲ್ಲೇ ನಿಂತೀತು, ಅದು ಗೊತ್ತಾಗದೆ ಹಿಂದಿನಿಂದ ಇನ್ನೊಂದು ಈಡು ಬಿಟ್ಟರೆ ನಳಿಗೆ ಬಿರಿಯುತ್ತದೆ. ಈಗಿನ ಪ್ಲಾಸ್ಟಿಕ್ ಕೊಳವೆಯ ತೋಟೆ ಎಷ್ಟೋ ವಾಸಿ, ಆದರೂ ಕೇಪು, ಮದ್ದು ಬಿಡಿಯಾಗಿ ಇಟ್ಟುಕೊಂಡರೆ ನಮ್ಮ ಮಳೆಗಾಲ ಅದನ್ನು ಸುಮ್ನೆ ಬಿಡುವುದಿಲ್ಲ. ಪುಣೆಯ ಖಡ್ಕಿ ಮದ್ದುಗುಂಡು ಕಾರ್ಖಾನೆಯ ತೋಟೆ ಲೈಸೆನ್ಸ್ ಇರುವ ಅಂಗಡಿಯಿಂದ ತಂದು, ಗಾಳಿಯಾಡದ ಡಬ್ಬದಲ್ಲಿ, ಬೀಗ ಹಾಕಿ ಇಡಿ. ಅಷ್ಟೇ.

ಇನ್ನು ಕೇಪಿನ ಕೋವಿ ಇರುವವರು ಇದನ್ನು ಓದುತ್ತಿದ್ದರೆ ಒಂದು ಮಾತು. ಅದು ಬಾಯಿಯಿಂದ ಮದ್ದು ತುಂಬುವ ಕೋವಿ, ಕರಿಮದ್ದಿಗೆ ಮಾತ್ರ ಮಾಡಿದ್ದು. ತೋಟೆ ಒಡೆದು ಅದರ ಹೊಗೆರಹಿತ ಮದ್ದನ್ನು ಅದಕ್ಕೆ ಹಾಕುವುದು, ಗರ್ನಾಲು ಪಟಾಕಿಯ ಮದ್ದು ಹಾಕುವುದು, ಜಾತ್ರೆಯಲ್ಲಿ ಸಿಡಿಸುವ ಕದಿನಕ್ಕೆ ತಂದ ಮದ್ದು ಉಳಿದಿದೆ ಅಂತ ಹಾಕುವುದು, ಇದೆಲ್ಲ ಪ್ರಾಣಕ್ಕೆ ಎರವಾಗುವ ಕೆಲಸ. ಹಳೆಯ ಒಂಟಿ ನಳಿಗೆ ಆ ಒತ್ತಡ ತಡೆಯುವುದಿಲ್ಲ. ಬಿರಿದಾಗ ಮೊದಲು ಹೋಗುವುದು ಎಡಗೈ, ಆಮೇಲೆ ಕಣ್ಣು.

ಬೆಳೆ ಉಳಿಸಬೇಕಾದರೆ ಸೋಲಾರ್ ಬೇಲಿಗೆ ದುಡ್ಡು ಹಾಕಿ, ಕೆಳಗಿನ ತಂತಿಗೆ ಹುಲ್ಲು ಬಳ್ಳಿ ತಾಗದ ಹಾಗೆ ಮಳೆಗಾಲದಲ್ಲಿ ಸವರುತ್ತಾ ಇರಿ. ಹಾನಿ ಆದರೆ ಅರಣ್ಯ ಇಲಾಖೆಯ ಪರಿಹಾರ ಉಂಟು, ಫೋಟೋ ತೆಗೆದು ಅರ್ಜಿ ಹಾಕಿ. ಚುನಾವಣೆ ಬಂದಾಗಲೆಲ್ಲ ಕೋವಿ ಠಾಣೆಯಲ್ಲಿ ಇಟ್ಟು ಬರುವ ನಮಗೆ, ಮಂಗ ಸರಿಯಾಗಿ ಆ ತಿಂಗಳೇ ಬರುವುದು ಹೊಸದೇನಲ್ಲ. ಬೇಲಿಯನ್ನಾದರೆ ಯಾರೂ ಠಾಣೆಗೆ ತರಲು ಹೇಳುವುದಿಲ್ಲ.

ಕದ್ರಿ ಟ್ರ್ಯಾಪ್

ಹೆಬ್ರಿಯವರು ಹೇಳಿದ್ದೆಲ್ಲ ಒಪ್ಪುತ್ತೇನೆ. ನಾನು ಟ್ರ್ಯಾಪ್ ಶೂಟಿಂಗ್, ಅಂದರೆ ಗಾಳಿಗೆ ಹಾರಿಸಿದ ಮಣ್ಣಿನ ತಟ್ಟೆಗೆ ಹೊಡೆಯುವ ಆಟ, ಆಡುವವನು, ಹಾಗಾಗಿ ಲೆಕ್ಕದ ಇನ್ನೊಂದು ಮಗ್ಗುಲು ಹೇಳುತ್ತೇನೆ. ತೋಟೆ ತುಂಬುವುದು ಅಮೆರಿಕದಲ್ಲಿ ಬೆಳೆದದ್ದು ಬೇಟೆಗಾರರಿಂದ ಅಲ್ಲ, ಮಣ್ಣಿನ ತಟ್ಟೆ ಹೊಡೆಯುವವರಿಂದ. ಟ್ರ್ಯಾಪ್‌ನಲ್ಲಾಗಲಿ, ಅಂಥದ್ದೇ ಇನ್ನೊಂದು ಆಟವಾದ ಸ್ಕೀಟ್‌ನಲ್ಲಾಗಲಿ ಒಂದು ಸುತ್ತಿಗೆ 25 ತಟ್ಟೆ. ಒಂದು ಮಧ್ಯಾಹ್ನ ನಾಲ್ಕು ಸುತ್ತು ಆಡಿದರೆ 100 ತೋಟೆ, ಅಂದರೆ ಬೇಟೆಗಾರನ ಒಂದು ಇಡೀ ಸೀಸನ್ನಿನ ಲೆಕ್ಕ ಅಲ್ಲಿಗೆ ಮುಗಿಯಿತು. ವರ್ಷಕ್ಕೆ ಸಾವಿರಾರು ತೋಟೆ ಹೊಡೆಯುವವನಿಗೆ ಒಂದು ತೋಟೆಗೆ ಐದು ಸೆಂಟ್ ಉಳಿದರೂ ಅದು ದುಡ್ಡು.

ಹಾಗಾಗಿ ಮಗನಿಗೆ ಕೇಳಬೇಕಾದ ಪ್ರಶ್ನೆ, ಬೇಟೆ ಬಿಟ್ಟು ಉಳಿದ ದಿನಗಳಲ್ಲಿ ಅವನು ಹೊಡೆಯುತ್ತಾನಾ? ಯಾವ ಗೇಜಿನಲ್ಲಿ, ಅಂದರೆ ಎಷ್ಟು ಬೋರಿನ ಕೋವಿಯಲ್ಲಿ? ಅದಕ್ಕೆ ಉತ್ತರ ಸಿಗದೆ ಪ್ರೆಸ್ಸಿನ ಮಾತು ಮುಂದೆ ಹೋಗುವುದಿಲ್ಲ.

ಇನ್ನೊಂದು ಗಮನಿಸಿ. ಒಲಿಂಪಿಕ್ ಟ್ರ್ಯಾಪ್, ಸ್ಕೀಟ್ ಎರಡರಲ್ಲೂ ಚರೆ 24 ಗ್ರಾಂ ಮಾತ್ರ, ಅಷ್ಟರಲ್ಲೇ ತಟ್ಟೆ ಪುಡಿ ಆಗುತ್ತದೆ. ಬೇಟೆಗೆ ಹೋಗುವವರು ಅಭ್ಯಾಸಕ್ಕೂ ಭಾರದ ತೋಟೆ ಸುರಿದು ದುಡ್ಡು ಹಾಳು ಮಾಡುತ್ತಾರೆ, ಹೆಗಲೂ ನೋಯಿಸಿಕೊಳ್ಳುತ್ತಾರೆ. ಅಭ್ಯಾಸಕ್ಕೆ ಹಗುರದ್ದು ತೆಗೆದುಕೊಂಡರೆ ಪ್ರೆಸ್ಸು ಇಲ್ಲದೆಯೇ ಉಳಿತಾಯ. ನಾಲ್ಕು ಜನ ಸ್ನೇಹಿತರು ಸೇರಿ ಸೀಸನ್ ಮುಗಿದ ಮೇಲೆ ಬೆಲೆ ಇಳಿದಾಗ ಬೇಟೆ ತೋಟೆಯನ್ನು ದೊಡ್ಡ ಪೆಟ್ಟಿಗೆಯಲ್ಲೇ ಖರೀದಿಸಿದರೆ ಇನ್ನೂ ಉಳಿಯುತ್ತದೆ. ಒಣ ಜಾಗದಲ್ಲಿಟ್ಟರೆ ತೋಟೆ ವರ್ಷಗಟ್ಟಲೆ ಕೆಡುವುದಿಲ್ಲ.

ಬ್ರಹ್ಮಾವರದ ಗದ್ದೆ

ಎಲ್ಲರಿಗೂ ತುಂಬಾ ಉಪಕಾರ. ಪ್ರೆಸ್ಸು ಇಲ್ಲಿಗೆ ತರುವ ಮಾತು ಬಿಟ್ಟೆ, ಕೋರ್ಟು ರಸ್ತೆಯವರು ಸರಿಯಾಗಿ ಹೇಳಿದಿರಿ. ಯಂತ್ರವೂ ಮದ್ದುಗುಂಡಿನ ಲೆಕ್ಕ ಅಂತ ನನಗೆ ಗೊತ್ತೇ ಇರಲಿಲ್ಲ.

ಮಗನಿಗೆ ಕೇಳಿದೆ. ಬೇಟೆ ಹೊಲದವರ ಜಮೀನಿನಲ್ಲೇ ಅಂತೆ. ಬೇಸಿಗೆಯಲ್ಲಿ ಶನಿವಾರ ತಟ್ಟೆ ಹೊಡೆಯಲು ಹೋಗುತ್ತಾನಂತೆ, ಎರಡು ಸುತ್ತು ಆಡಿ ಬರುವುದು ರೂಢಿ. ಅದಕ್ಕೆ 28 ಗೇಜಿನ ಇನ್ನೊಂದು ಕೋವಿ ತೆಗೆದುಕೊಂಡಿದ್ದಾನೆ, ಹಗುರ ಉಂಟು ಅಂತ. ಗೇಜಿನ ನಂಬರು ದೊಡ್ಡದಾದಷ್ಟೂ ನಳಿಗೆ ಸಣ್ಣ ಅಲ್ವಾ. ಅದರ ತೋಟೆ ಹನ್ನೆರಡರದ್ದಕ್ಕಿಂತ ದುಬಾರಿಯಂತೆ, ಅದೇ ಅವನಿಗೆ ಬೇಸರ. ಸಣ್ಣ ತೋಟೆಗೆ ಜಾಸ್ತಿ ದುಡ್ಡು ಯಾಕೆ ಎನ್ನುವುದು ನನಗೂ ಅರ್ಥ ಆಗಲಿಲ್ಲ. ಇದರಿಂದ ಲೆಕ್ಕ ಏನಾದರೂ ಬದಲಾಗುತ್ತದಾ?

ಅವನು ಇರುವುದು ಕೆಲಸಕ್ಕೆ ಕೊಡುವ ಎಚ್-1ಬಿ ವೀಸಾದಲ್ಲಿ. ಅದಕ್ಕೇನೂ ಅಡ್ಡಿ ಇಲ್ಲವಲ್ಲ?

ಕಾರ್ಕಳ ಟು ಡಕೋಟ

ಬದಲಾಗುತ್ತದೆ, ಪೂರ್ತಿ ಬದಲಾಗುತ್ತದೆ! ಇದನ್ನು ಮೊದಲೇ ಹೇಳಿದ್ದರೆ ನಾನು ಬೇಡ ಅನ್ನುತ್ತಿರಲಿಲ್ಲ.

ಸಣ್ಣ ತೋಟೆ ದುಬಾರಿ ಯಾಕೆಂದರೆ ಅದನ್ನು ಕೊಳ್ಳುವವರು ಕಡಿಮೆ. ಹನ್ನೆರಡು ಗೇಜಿನದ್ದನ್ನು ಕಾರ್ಖಾನೆಗಳು ರಾಶಿಗಟ್ಟಲೆ ಮಾಡುತ್ತವೆ, 28 ಮತ್ತು ಅದಕ್ಕಿಂತಲೂ ಸಣ್ಣ ನಳಿಗೆಯ 410 ಸ್ವಲ್ಪ ಸ್ವಲ್ಪವೇ. ಒಳಗಿನ ಸಾಮಾನಿನ ಬೆಲೆ ಕಡಿಮೆ, ಪೆಟ್ಟಿಗೆಯ ಬೆಲೆ ಜಾಸ್ತಿ. ಮನೆಯಲ್ಲಿ ತುಂಬುವವನಿಗೆ ಲಾಭ ಇರುವುದೇ ಆ ಎಡೆಯಲ್ಲಿ. 28 ಗೇಜಿಗೆ ಮುಕ್ಕಾಲು ಔನ್ಸ್ ಚರೆ ಸಾಕು. ಅದೇ 60 ಡಾಲರಿನ ಚೀಲದಲ್ಲಿ 533 ತೋಟೆ, ಒಂದಕ್ಕೆ ಹನ್ನೊಂದೂಕಾಲು ಸೆಂಟ್. ಮದ್ದು 8 ಸೆಂಟ್, ಕೇಪು 9, ವ್ಯಾಡ್ ಮೂರೂವರೆ. ಸುಮಾರು 32 ಸೆಂಟ್ ಆಯಿತು, ಪೆಟ್ಟಿಗೆಗೆ 8 ಡಾಲರ್. ಅಂಗಡಿಯಲ್ಲಿ ನಾನು ನೋಡುವುದು 14ರಿಂದ 16. ಪೆಟ್ಟಿಗೆಗೆ ಆರೇಳು ಡಾಲರ್ ಉಳಿಯಿತು. ಎರಡು ಸುತ್ತು ಅಂದರೆ ಎರಡು ಪೆಟ್ಟಿಗೆ, ಒಂದು ಶನಿವಾರಕ್ಕೆ 13 ಡಾಲರ್. ಪ್ರೆಸ್ಸು, ತಕ್ಕಡಿ, ಸಾಮಾನು ಎಲ್ಲ ಸೇರಿ 300 ಅಂತ ಹಿಡಿದರೂ ಇಪ್ಪತ್ತಮೂರು, ಇಪ್ಪತ್ತನಾಲ್ಕು ಶನಿವಾರದಲ್ಲಿ ದುಡ್ಡು ವಾಪಸ್. ಎರಡು ಬೇಸಿಗೆ ಹಿಡಿದೀತು ಅಷ್ಟೇ. ಆಮೇಲಿನದ್ದು ಲಾಭ.

ಖಾಲಿ ತೋಟೆ ಅವನದ್ದನ್ನು ಅವನೇ ಹೆಕ್ಕಿಕೊಳ್ಳಬೇಕು. ಹೆಚ್ಚಿನವರು ವಿಂಚೆಸ್ಟರ್ ಎಎ, ರೆಮಿಂಗ್ಟನ್ ಎಸ್‌ಟಿಎಸ್ ತೋಟೆಗಳನ್ನು ಹುಡುಕಿ ಹೆಕ್ಕುತ್ತಾರೆ, ಅವು ಮತ್ತೆ ಮತ್ತೆ ತುಂಬಲು ತಡೆಯುತ್ತವೆ. ಚರೆ ಉದುರದ ಹಾಗೆ ಮಡಚುವ ತೋಟೆ ಬಾಯಿಯ ಮಡಿಕೆ ಸೀಳಲು ಶುರುವಾದರೆ ಎಸೆಯುವುದು.

ಹನ್ನೆರಡರ ಫೆಸೆಂಟ್ ತೋಟೆ ಅಂಗಡಿಯದ್ದೇ ಇರಲಿ. ಸೀಸದ ಬದಲು ಬಳಸುವ ಬಿಸ್ಮತ್, ಟಂಗ್‌ಸ್ಟನ್ ಲೋಹದ ಚರೆ ತುಂಬಿ ಉಳಿಸುತ್ತೇನೆ ಅಂತ ಹೊರಟವರು ಉಂಟು, ಅಂಗಡಿಯಲ್ಲಿ ಅಂಥ ತೋಟೆ ಒಂದೊಂದಕ್ಕೇ ಡಾಲರ್‌ಗಟ್ಟಲೆ ಆಗುವುದರಿಂದ. 2025ರ ಫೆಬ್ರುವರಿಯಲ್ಲಿ ಚೀನಾ ಆ ಎರಡೂ ಲೋಹದ ರಫ್ತಿಗೆ ಕಡಿವಾಣ ಹಾಕಿದ ಮೇಲೆ ಬಿಡಿ ಚರೆಯ ಬೆಲೆಯೂ ಹಾರಿತು. ಅವನಿಗೆ ಅದು ಬೇಕಾಗಿಯೂ ಇಲ್ಲ.

ವೀಸಾ ಮಾತು ಕೇಳಿದ್ದು ಒಳ್ಳೆಯದಾಯಿತು. ಎಚ್-1ಬಿ ಅಂಥ ತಾತ್ಕಾಲಿಕ ವೀಸಾದವರು ಕೋವಿಯಾಗಲಿ ಮದ್ದುಗುಂಡಾಗಲಿ ಇಟ್ಟುಕೊಳ್ಳುವುದು ಅಲ್ಲಿಯ ಫೆಡರಲ್, ಅಂದರೆ ಕೇಂದ್ರ ಸರ್ಕಾರದ, ಕಾನೂನಿನಲ್ಲಿ ಅಪರಾಧ. ಅದಕ್ಕೆ ಇರುವ ವಿನಾಯಿತಿಗಳಲ್ಲಿ ಮುಖ್ಯವಾದದ್ದು, ಅಮೆರಿಕದ ಯಾವುದಾದರೂ ರಾಜ್ಯ ಕೊಟ್ಟ ಬೇಟೆ ಲೈಸೆನ್ಸ್ ಕೈಯಲ್ಲಿರುವುದು. ಅವನ ಹತ್ತಿರ ಉಂಟು ಅಂದಿರಿ, ಸರಿ. ಆದರೆ ಅದರ ಅವಧಿ ಮುಗಿಯಲು ಬಿಡಲೇಬಾರದು, ಬೇಟೆಗೆ ಹೋಗದ ವರ್ಷವೂ ಮಾಡಿಸಿಕೊಂಡೇ ಇರಲಿ. ನೀವು ಹೋದಾಗ ಅವನ ಕೋವಿ ತೋಟೆ ಕೈಯಲ್ಲಿ ಹಿಡಿದು ನೋಡುವ ಆಸೆ ಆದೀತು, ನಿಮ್ಮ ವೀಸಾಕ್ಕೂ ಅದೇ ನಿಯಮ. ಮತ್ತೆ, ತನ್ನ ಬಳಕೆಗೆ ತುಂಬಿಕೊಳ್ಳಲು ಫೆಡರಲ್ ಲೈಸೆನ್ಸ್ ಬೇಡ. ತುಂಬಿ ಮಾರಿದರೆ ಬೇಕು. ಸ್ನೇಹಿತರು ದುಡ್ಡು ಕೊಡುತ್ತೇನೆ ನನಗೂ ತುಂಬಿಕೊಡು ಅಂದರೆ ಬೇಡ ಅನ್ನಲಿ.

ಮಣಿಪಾಲ ಮನೆ

ನಮ್ಮವರು ಟೆಕ್ಸಸ್‌ನಲ್ಲಿದ್ದಾಗ ತುಂಬುತ್ತಿದ್ದರು, ಮನೆಯಲ್ಲಿ ಎರಡು ಸಣ್ಣ ಮಕ್ಕಳು. ಹಾಗಾಗಿ ನಾನು ಹೇಳುವುದು ದುಡ್ಡಿನ ವಿಷಯ ಅಲ್ಲ, ಆದರೂ ಹೇಳಲೇಬೇಕು ಅನಿಸಿತು.

ಸೀಸದ ಚರೆ ಸುರಿಯುವಾಗ ಬೂದು ಧೂಳು ಬರುತ್ತದೆ. ಬಿಳಿ ಬಟ್ಟೆಯಲ್ಲಿ ಮೇಜು ಒರೆಸಿದರೆ ಬಟ್ಟೆ ಕಪ್ಪಾಗುತ್ತದೆ, ಅಷ್ಟು ಸಾಕು ನೋಡಲು. ಮಕ್ಕಳ ರಕ್ತಕ್ಕೆ ಸೀಸ ಸೇರಿದರೆ ಮೆದುಳಿಗೇ ಪೆಟ್ಟು, ಇಷ್ಟಿದ್ದರೆ ಪರವಾಗಿಲ್ಲ ಎನ್ನುವ ಮಿತಿಯೇ ಇಲ್ಲ ಅಂತ ಡಾಕ್ಟರುಗಳು ಹೇಳುತ್ತಾರೆ. ನಾನು ಕಡ್ಡಾಯ ಮಾಡಿದ್ದು ಇಷ್ಟು: ಅಡುಗೆಮನೆಯ ಮೇಜಿನಲ್ಲಿ ಈ ಕೆಲಸ ಇಲ್ಲ. ಗ್ಯಾರೇಜಿನಲ್ಲಿ ಬೇರೆ ಮೇಜು. ಆ ಹೊತ್ತಿನಲ್ಲಿ ಕಾಫಿ ತಿಂಡಿ ಸಿಗರೇಟು ಯಾವುದೂ ಇಲ್ಲ. ಮೇಜಿನಿಂದ ಎದ್ದ ಕೂಡಲೇ ಸೋಪು ಹಾಕಿ ಕೈ ತೊಳೆಯುವುದು, ಆ ಅಂಗಿ ಬೇರೆಯೇ ಒಗೆಯುವುದು, ನೆಲ ಗುಡಿಸುವುದಲ್ಲ, ಒದ್ದೆ ಬಟ್ಟೆಯಲ್ಲಿ ಒರೆಸುವುದು. ಕೇಪು ಒಂದು ಕಡೆ, ಮದ್ದು ಇನ್ನೊಂದು ಕಡೆ, ಎರಡಕ್ಕೂ ಬೀಗ, ಎರಡೂ ಕಂಪನಿಯ ಡಬ್ಬದಲ್ಲೇ. ಖಾಲಿ ಬಾಟಲಿಗೆ ಮದ್ದು ಹಾಕಿಡುವ ಅಭ್ಯಾಸ ಇರುವವರಿಗೆ ಈ ಕೆಲಸವೇ ಬೇಡ.

ನಿಮ್ಮ ಮಗ ಅಪಾರ್ಟ್‌ಮೆಂಟಿನಲ್ಲಿ ಇರುವುದಾದರೆ ಬಾಡಿಗೆ ಕರಾರು ಓದಲಿ. ಎಷ್ಟೋ ಕಡೆ ಮದ್ದು ಇಟ್ಟುಕೊಳ್ಳಲು ಬಿಡುವುದಿಲ್ಲ. ಸೊಸೆ ಮಕ್ಕಳು ಇದ್ದರೆ ಅವರನ್ನೂ ಕೇಳಿಯೇ ಮುಂದುವರಿಯಲಿ, ಮನೆ ಅವರದ್ದೂ ಅಲ್ವಾ.

ಬ್ರಹ್ಮಾವರದ ಗದ್ದೆ

ಅಕ್ಕ, ಒಳ್ಳೆಯ ಮಾತು ಹೇಳಿದಿರಿ. ಅವನಿಗೆ ಬೇರೆ ಮನೆಯೇ ಉಂಟು, ಗ್ಯಾರೇಜೂ ಉಂಟು. ಸೊಸೆಗೆ ನಿಮ್ಮ ಬರಹ ಇದ್ದ ಹಾಗೆಯೇ ಕಳಿಸಿದ್ದೇನೆ, ಅವಳ ಒಪ್ಪಿಗೆ ಆದ ಮೇಲೆಯೇ ಮುಂದಿನದ್ದು.

ಕೊನೆಯದಾಗಿ ಒಂದು. ಪಕ್ಕದ ಊರಿನಲ್ಲಿ ಒಬ್ಬರು ವಯಸ್ಸಾದವರು 28 ಗೇಜಿನ ಹಳೆಯ ಮೆಕ್ ಪ್ರೆಸ್ಸು ಮಾರುತ್ತಾರಂತೆ, 100 ಡಾಲರಿಗೆ, ಜೊತೆಗೆ ಅರ್ಧ ಉಳಿದ ಮದ್ದಿನ ಡಬ್ಬವೂ ಕೊಡುತ್ತಾರಂತೆ. ತೆಗೆದುಕೊಳ್ಳಬಹುದಾ?

ಕಾರ್ಕಳ ಟು ಡಕೋಟ

ಪ್ರೆಸ್ಸು ತೆಗೆದುಕೊಳ್ಳಲಿ, ಮದ್ದು ಬೇಡ. ತೆರೆದ ಡಬ್ಬದ ಒಳಗೆ ಇರುವುದು ಡಬ್ಬದ ಮೇಲೆ ಬರೆದದ್ದೇ ಅಂತ ಹೇಳಲು ಯಾರಿಂದಲೂ ಆಗುವುದಿಲ್ಲ. ಕೊಟ್ಟರೂ ಬಳಸಬಾರದು.

ಮೆಕ್ ವಿಸ್ಕಾನ್ಸಿನ್ ರಾಜ್ಯದ ಮೇವಿಲ್ ಊರಿನ ಕಂಪನಿ, ಅದರ ಹಳೆಯ ಪ್ರೆಸ್ಸುಗಳು ಎರಡು ತಲೆಮಾರು ಓಡುತ್ತವೆ, ಬಿಡಿಭಾಗವೂ ಸಿಗುತ್ತದೆ. ನೋಡಲು ಹೋದಾಗ ಹಿಡಿಯನ್ನು ನಿಧಾನವಾಗಿ ಕೆಳಗೆ ಎಳೆದು ನೋಡಲಿ. ಪಕ್ಕಕ್ಕೆ ಅಲುಗಾಡಬಾರದು, ನಡುವೆ ಎಲ್ಲಿಯೂ ಹಿಡಿದು ನಿಲ್ಲಬಾರದು. ಒಂದು ಖಾಲಿ ತೋಟೆ ಜೇಬಿನಲ್ಲಿ ಇಟ್ಟುಕೊಂಡು ಹೋಗಿ ಒಂದೊಂದೇ ಜಾಗದಲ್ಲಿ ಕೂರಿಸಿ ನೋಡಲಿ. ಮೊದಲ ಎಳೆತಕ್ಕೆ ಹಳೆಯ ಕೇಪು ಟಕ್ ಅಂತ ಕೆಳಗೆ ಬೀಳಬೇಕು. ಹೊಸ ಕೇಪು ತಳಕ್ಕೆ ಸಮ ಆಗಿ ಕೂರಬೇಕು, ಬೆರಳು ಸವರಿದರೆ ಎತ್ತರ ತಗ್ಗು ಗೊತ್ತಾಗಬಾರದು. ಮದ್ದು, ಚರೆ ಎರಡನ್ನೂ ಅಳೆಯುವ ಅಡ್ಡಪಟ್ಟಿ ಎಡಬಲಕ್ಕೆ ಸರಾಗ ಜಾರಬೇಕು, ಅದು ಅರ್ಧಕ್ಕೆ ನಿಂತರೆ ತೋಟೆಗೆ ಮದ್ದು ಅರ್ಧವೇ ಬೀಳುತ್ತದೆ. ಕೊನೆಗೆ ಬಾಯಿಯ ಮಡಿಕೆಗಳು ಆರೋ ಎಂಟೋ ಒಂದೇ ನಡುವಿಗೆ ಸೇರಿ, ಚರೆ ಒಂದು ಕಾಳೂ ಇಣುಕದ ಹಾಗೆ ಮುಚ್ಚಿಕೊಳ್ಳಬೇಕು. ಇಷ್ಟು ಸರಿ ಇದ್ದರೆ 100 ಡಾಲರಿಗೆ ಮೋಸ ಇಲ್ಲ.

ಆ ಅಡ್ಡಪಟ್ಟಿಯಲ್ಲಿ ಕೆತ್ತಿದ ನಂಬರನ್ನು ನಂಬಿ ತುಂಬಬಾರದು. ತಕ್ಕಡಿಯಲ್ಲಿ ತೂಗಿ ನೋಡಿ, ಮದ್ದಿನ ಕಂಪನಿಯವರ ಅಳತೆಪಟ್ಟಿಯಲ್ಲಿ ಅದೇ ತೋಟೆ, ಅದೇ ಕೇಪು, ಅದೇ ವ್ಯಾಡ್ ಇರುವ ಸಾಲು ಹುಡುಕಿ ಅದರ ಪ್ರಕಾರವೇ ಹೋಗಬೇಕು. ಒಂದು ಸಾಮಾನು ಬದಲಾದರೆ ಸಾಲೂ ಬದಲಾಯಿತು. ಕೇಪು ಮುಗಿದಿದೆ, ಬೇರೆ ಕಂಪನಿಯದ್ದು ಇದೆ, ಹಾಕಿಬಿಡೋಣ ಎನ್ನುವ ಮಾತಿಲ್ಲ. ತುಂಬುವಾಗ ಫೋನು ಬೇರೆ ಕೋಣೆಯಲ್ಲಿರಲಿ. ನಡುವೆ ಯಾರಾದರೂ ಮಾತಾಡಿಸಿದರೆ, ಕೈಯಲ್ಲಿರುವ ತೋಟೆಗೆ ಮದ್ದು ಬಿತ್ತಾ ಇಲ್ಲವಾ ಅಂತ ಅನುಮಾನ ಬಂದರೆ, ಅದನ್ನು ಖಾಲಿ ಮಾಡಿ ಮತ್ತೆ ಮೊದಲಿನಿಂದ. ಎರಡು ಸಲ ಮದ್ದು ಬಿದ್ದ ಒಂದೇ ತೋಟೆ ಸಾಕು ಕೋವಿ ಸೀಳಲು.

ಮಗನಿಗೆ ಅಡ್ಡಿ ಇಲ್ಲದಿದ್ದರೆ ನನಗೆ ಇಲ್ಲಿಯೇ ಮೆಸೇಜ್ ಮಾಡಲಿ. ದೂರ ಆಗದಿದ್ದರೆ ಒಂದು ಶನಿವಾರ ಬಂದು ನನ್ನ ಪ್ರೆಸ್ಸಿನಲ್ಲಿ ಒಂದು ಪೆಟ್ಟಿಗೆ ತುಂಬಿ ನೋಡಲಿ, ಆಮೇಲೆ ದುಡ್ಡು ಕೊಡುವ ಯೋಚನೆ ಮಾಡಿದರಾಯಿತು.